ಲಿಲಾಂಗ್‌ಗೊಂದು ಬಿಚ್ಚದ ಚುಟ್ಟ

ಅಂಗಡಿಯಲ್ಲಿ ನಿಂತು 'ಇದು ಬೇಡ' ಎನ್ನುವುದು ನನಗೆ ಬಾರದು. ಇದನ್ನು ಯಾರಿಗೂ ಹೇಳಿಲ್ಲ. ದಿನಚರಿಯಲ್ಲಿ ಮಾತ್ರ, ಅದೂ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ಅಂಗಡಿಯವರು ವಸ್ತುವೊಂದನ್ನು ಕೈಗಿಟ್ಟು ಮುಖ ನೋಡಿದರೆ ಸಾಕು, ನನ್ನ ಇನ್ನೊಂದು ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ಕಾಲು ಕಚ್ಚುವ ಚಪ್ಪಲಿ, ಬಿಡಿಸಿದರೆ ಮತ್ತೆ ಮುಚ್ಚದ ಕೊಡೆ, ಒಮ್ಮೆಯೂ ಹಚ್ಚದ ಕಡುಗೆಂಪು ಲಿಪ್‌ಸ್ಟಿಕ್ಕು... ನನ್ನ ಕೋಣೆಯ ತುಂಬ ಬೇಡ ಎನ್ನಲಾರದೆ ತಂದ ಸಾಮಾನುಗಳೇ. ತುಗೆಗರಾವ್ ಪಟ್ಟಣದಲ್ಲಿ ಕಾಲೇಜು ಮುಗಿಸಿ ಡಿಗ್ರಿ ಹಿಡಿದು ಬಂದರೂ ಈ ಒಂದು ಪಾಠ ಮಾತ್ರ ತಲೆಗೆ ಹತ್ತಲಿಲ್ಲ.

ಅಂಥವಳ ಮೇಲೆ ಆಂಟಿ ನೀವೆಸ್ ಚುಟ್ಟ ತರುವ ಕೆಲಸ ಹೊರಿಸಿದರು.

ಆಂಟಿ ನೀವೆಸ್ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮ ಅಜ್ಜಿ, ನಮ್ಮ ಮಾತಿನಲ್ಲಿ ಲಿಲಾಂಗ್, ತೀರಿಕೊಂಡಾಗಿನಿಂದ ಅವರು ಕಪ್ಪು ಬಟ್ಟೆಯಲ್ಲೇ ಇದ್ದರು. ಶನಿವಾರಕ್ಕೆ ವರ್ಷ ತುಂಬುತ್ತಿತ್ತು. ಅಂದು ಎಡೆಯಿಟ್ಟು, ಸತ್ತವರನ್ನು ಕರೆದು ಉಣಿಸಿ, ಕಪ್ಪು ಕಳಚಬೇಕು. ಆದರೆ ಆಂಟಿಗೆ ಕಳಚುವ ಧೈರ್ಯ ಇರಲಿಲ್ಲ.

"ರಾತ್ರಿ ಮತ್ತೆ ಬಂದಿದ್ರು ಕಣೇ ಮಾರಿಡೆಲ್, ಅಮ್ಮ," ಎಂದರು ಬೆಳಿಗ್ಗೆ ಕಾಫಿ ಬಗ್ಗಿಸುತ್ತ. "ಮೆಟ್ಟಿಲ ಹತ್ರ ನಿಂತ್ಕೊಂಡು ನನ್ನನ್ನೇ ನೋಡ್ತಿದ್ರು. ಬಾಯಲ್ಲಿದ್ದ ಚುಟ್ಟ ಬಾಳೆಹಣ್ಣಿನ ಸಿಪ್ಪೆ ಥರಾ ಬಿಚ್ಕೊಂಡು ಜೋತಾಡ್ತಿತ್ತು. ಬೈಯಲೂ ಇಲ್ಲ. ಬೈದಿದ್ರಾದ್ರೂ ಆಗ್ತಿತ್ತು."

"ಅಮ್ಮಾ, ನೀನು ಮಲಗೋ ಮುಂಚೆ ಪನ್ಸಿತ್ ಶಾವಿಗೆ ತಿನ್ನೋದು ಬಿಡು, ಕನಸು ತಾನಾಗೇ ನಿಲ್ಲುತ್ತೆ," ಎಂದ ಅವರ ಮಗ ಜೆರಿಕ್. ಅವನು ಬೈಕಿನ ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಬಾಡಿಗೆ ಟ್ರೈಸಿಕಲ್ ಓಡಿಸುತ್ತಾನೆ, ಜೊತೆಗೆ ಬಾಯನ್ನೂ.

"ನಿನ್ನ ಬಾಯಿಗಿಷ್ಟು! ಎಡೇಲಿ ಇಟ್ಟ ಚುಟ್ಟ ಕಣ್ಣೆದುರಿಗೇ ಬಿಚ್ಕೊಂಡಿದ್ದು ನೀನೂ ನೋಡಿದೀಯಲ್ಲ?"

ಅದು ನಿಜ. ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ಆಂಟಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಚುಟ್ಟವೊಂದನ್ನು ತಂದು, ಹಚ್ಚಿಸಿ, ಸಮಾಧಿಯ ಮೇಲಿನ ಎಡೆಯ ತಟ್ಟೆಯಲ್ಲಿಟ್ಟಿದ್ದರು. ಮೇಣದಬತ್ತಿ ಅರ್ಧ ಕರಗುವಷ್ಟರಲ್ಲಿ ಹೊರಗಿನ ಎಲೆ ಸುರುಳಿಸುರುಳಿಯಾಗಿ ಎದ್ದು, ಒಳಗಿನ ಪುಡಿಯೆಲ್ಲ ಅಂಟಕ್ಕಿ ಕಡುಬಿನ ಮೇಲೆ ಚೆಲ್ಲಿತ್ತು. ಬಂಧುಗಳೆಲ್ಲ ನೋಡಿಯೂ ನೋಡದ ಹಾಗೆ ನಿಂತಿದ್ದರು. ಸತ್ತವರು ನಮ್ಮಲ್ಲಿ ಸುಮ್ಮಸುಮ್ಮನೆ ಕನಸಿಗೆ ಬರುವುದಿಲ್ಲ. ಏನೋ ಕೊರತೆಯಾಗಿದ್ದರೇ ಬರುತ್ತಾರೆ.

ಆಂಟಿಗೆ ಗೊತ್ತಿಲ್ಲದ್ದು ಒಂದಿತ್ತು. ಈ ಚುಟ್ಟದ ಹುಡುಕಾಟ ಅವರ ಕನಸಿನಿಂದ ಶುರುವಾದದ್ದಲ್ಲ.

ನಮ್ಮ ಕಡೆಯ ಹಳೇ ಹೆಂಗಸರ ಹಾಗೆ ಲಿಲಾಂಗ್ ಕೂಡ ಚುಟ್ಟವನ್ನು ಬೆಂಕಿಯ ತುದಿ ಬಾಯೊಳಗಿಟ್ಟು ಸೇದುವವರು. ಹೊಲದಲ್ಲಿ ಗಾಳಿಗೆ ಆರಬಾರದು, ಮಳೆಗೆ ನೆನೆಯಬಾರದು, ಬೆನ್ನಿಗೆ ಕಟ್ಟಿಕೊಂಡ ಮಗುವಿನ ಮೇಲೆ ಕಿಡಿ ಬೀಳಬಾರದು, ಅದಕ್ಕೆ. ಹಾಗೆ ಸೇದುವವರಿಗೆ ಹೊರ ಎಲೆ ಬಿಚ್ಚಿಕೊಳ್ಳುವುದು ತಮಾಷೆಯಲ್ಲ. ಬೆಂಕಿ ನಾಲಿಗೆಯ ಮೇಲೆಯೇ ಉದುರುತ್ತದೆ. ಪಕ್ಕದ ಮನೆಯ ಮಾಮೆಂಗ್ ಎನ್ನುವ ಮುದುಕಿ ಬದುಕಿದ್ದಷ್ಟು ದಿನವೂ ಲಿಲಾಂಗ್‌ಗೆ ಚುಟ್ಟ ಸುತ್ತಿಕೊಡುತ್ತಿದ್ದರು. ಅದು ಒಮ್ಮೆಯೂ ಬಿಚ್ಚಿದ್ದಿಲ್ಲ. ಮಾಮೆಂಗ್ ಹೋದ ಮೇಲೆ ಅಂಗಡಿಯ ಚುಟ್ಟ ಶುರುವಾಯಿತು. ಬಿಚ್ಚುವುದೂ ಶುರುವಾಯಿತು. ವಿಚಿತ್ರವೆಂದರೆ, ಎದುರು ಮನೆಯ ಗೆಳತಿ ಅಪೊ ಊರ್ಸಿಂಗ್, ಅಂದರೆ ಊರ್ಸಿಂಗ್ ಅಜ್ಜಿ, ಅದೇ ಕಟ್ಟಿನಿಂದ ತೆಗೆದು ಸೇದಿದ ಚುಟ್ಟ ಕೊನೆಯವರೆಗೂ ಗಟ್ಟಿಯಾಗಿರುತ್ತಿತ್ತು.

"ನಿನ್ನ ಸಿಟ್ಟಿಗೇ ಕಣೇ ಪೋಲಿಂಗ್ ಅದು ಬಿಚ್ಕೊಳ್ಳೋದು," ಎನ್ನುತ್ತಿದ್ದರು ಅಪೊ ಊರ್ಸಿಂಗ್, ಲಿಲಾಂಗ್‌ರನ್ನು ಹೆಸರು ಹಿಡಿದು ಕರೆದು. "ನನ್ನದು ನೋಡು, ಸಾಧು ಹಸು ಇದ್ದ ಹಾಗಿದೆ."

"ನಿನ್ನ ಬಾಯಲ್ಲಿ ಹಲ್ಲಿಲ್ಲ, ಅದಕ್ಕೆ. ಚುಟ್ಟಕ್ಕೂ ಕನಿಕರ," ಎನ್ನುತ್ತಿದ್ದರು ಲಿಲಾಂಗ್.

ಕೊನೆಯ ಮಳೆಗಾಲದಲ್ಲಿ ಒಂದು ಸಂಜೆ ಲಿಲಾಂಗ್ ನಾಲಿಗೆ ಸುಟ್ಟುಕೊಂಡು, ಚುಟ್ಟವನ್ನು ಅಂಗಳಕ್ಕೆಸೆದು, ನನ್ನ ಕಡೆ ತಿರುಗಿ ಹೇಳಿದ್ದರು: "ನಕ್ಕೊಂಗ್, ಬಿಚ್ಚದ ಚುಟ್ಟ ಒಂದು ಹುಡುಕಿ ಕೊಡೇ. ಒಂದೇ ಒಂದು. ಕೊನೇತನಕ ಸೇದಿ ಬಿಟ್ಟುಬಿಡ್ತೀನಿ." ನಕ್ಕೊಂಗ್ ಎಂದರೆ ನನ್ನ ಕೂಸೇ ಎಂದು. ಮನೆಯಲ್ಲಿ ಮಾತಾಡುವವರು ಅಷ್ಟು ಜನರಿದ್ದರೂ ಅವರು ಅದನ್ನು ಕೇಳಿದ್ದು ಮಾತಾಡದ ನನ್ನನ್ನು. ನಾನು ಹುಡುಕಲು ಹೊರಡುವ ಮುಂಚೆಯೇ ಅವರು ಹೊರಟುಬಿಟ್ಟರು.

ಹಾಗಾಗಿ ಆಂಟಿ, "ಓದಿದ ಹುಡುಗಿ, ಇಲಾಗನ್ ಪೇಟೆಗೆ ಹೋಗಿ ಒಂದು ಒಳ್ಳೇ ಅಂಗಡಿ ಹುಡುಕು. ಅಪೊ ಊರ್ಸಿಂಗ್‌ರನ್ನ ಕರ್ಕೊಂಡು ಹೋಗು, ಅವರು ಹೇಳಿದ ಹಾಗೆ ಕೇಳು," ಎಂದಾಗ ನಾನು ತಲೆಯಾಡಿಸಿದ್ದು ಕನಸಿಗೆ ಹೆದರಿಯಲ್ಲ.

ಜೆರಿಕ್‌ನ ಟ್ರೈಸಿಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಅಪೊ ಊರ್ಸಿಂಗ್ ಕೊಡೆ, ಕೈಚೀಲ, ಬೆಂಕಿಪೊಟ್ಟಣದ ಸಮೇತ ಏರಿ ಕೂತರು. ಮಿಕ್ಕ ಜಾಗದಲ್ಲಿ ನಾನು.

"ಅಪೊ, ನೀವು ಒಳಗೆ ಬಂದು ಮಾತಾಡ್ತೀರಲ್ಲ?" ಎಂದು ಕೇಳಿದೆ.

"ನಾನ್ಯಾಕೆ? ನನ್ನ ಮಂಡಿ ನನ್ನ ಮಾತೇ ಕೇಳಲ್ಲ. ಅಂಗಡಿ ನಿಂದು, ನಾಲಿಗೆ ನಂದು. ನೀನು ತಾ, ನಾನು ಸೇದಿ ಹೇಳ್ತೀನಿ."

"ಕೆಟ್ಟದಾಗಿದ್ರೆ?"

"ಬೈತೀನಿ. ಬಿಟ್ಟಿ."

ಮೊದಲ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ, ಊರಿಗೆ ಬಂದವರು ನೆನಪಿನ ಸಾಮಾನು ಕೊಳ್ಳುವ ಜಾಗ. ಗಾಜಿನ ಬಾಗಿಲು ತಳ್ಳಿದೊಡನೆ ಏಸಿಯ ಗಾಳಿ ಬಂದು ಬೆವರೆಲ್ಲ ಆರಿಹೋಯಿತು. ಬಣ್ಣದ ಪೆಟ್ಟಿಗೆಗಳು, ಚುಟ್ಟದ ಸೊಂಟಕ್ಕೆ ಚಿನ್ನದ ಕಾಗದದ ಪಟ್ಟಿ. ಮಾರುವ ಹುಡುಗಿ ನನಗಿಂತ ಚಿಕ್ಕವಳು, ಹಲ್ಲೆಲ್ಲ ಕಾಣುವಂತೆ ನಕ್ಕಳು. ಒಂದು ಚುಟ್ಟ ತೆಗೆದು ನನ್ನ ಅಂಗೈಗಿಟ್ಟಳು.

"ಇದು ಎಲ್ಲಾರೂ ತಗೊಳ್ಳೋದು, ಮ್ಯಾಮ್. ದೊಡ್ಡದೊಡ್ಡವರಿಗೆ ಕೊಡಕ್ಕೆ."

ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅದುಮಿದೆ. ಒಣಗಿದ ಜೋಳದ ಸಿಪ್ಪೆಯ ಸದ್ದು. ಚೆನ್ನಾಗಿಲ್ಲವೆಂದು ಆಗಲೇ ಗೊತ್ತಾಯಿತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕೈ ಪರ್ಸಿಗೆ ಹೋಯಿತು.

ಹೊರಗೆ ಅಪೊ ಊರ್ಸಿಂಗ್ ಚಿನ್ನದ ಪಟ್ಟಿ ಕಿತ್ತು ನನ್ನ ಬೆರಳಿಗೆ ಉಂಗುರದಂತೆ ತೊಡಿಸಿ, ಕಡ್ಡಿ ಗೀರಿ, ಕೆಂಡ ಹಿಡಿದ ತುದಿಯನ್ನು ಬಾಯೊಳಗಿಟ್ಟರು. ಒಂದು ದಮ್ಮು, ಎರಡು. ಮೂರನೆಯದಕ್ಕೆ ಹೊರ ಎಲೆ ಟಪ್ಪನೆ ಎದ್ದು ನಿಂತಿತು. ಅವರು ಅದನ್ನು ಹೊರಗೆಳೆದು ದೂರ ಹಿಡಿದರು. ಪೊರೆ ಬಿಡುತ್ತಿರುವ ಹಲ್ಲಿಯ ಹಾಗಿತ್ತು.

"ಮೀನನ್ನ ಐಸಲ್ಲಿಡ್ತಾರೆ ಅಂತ ಚುಟ್ಟಾನೂ ಇಡೋದಾ? ಜೀವ ಹೋಗಿ ಒಣಗಿದೆ ಇದು."

ಜೆರಿಕ್ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಒಳಗೆ ಹೋಗಿ ಏನಂದೆ?"

"ಥ್ಯಾಂಕ್ಸ್ ಅಂದೆ."

"ಅದಕ್ಕೂ ಮುಂಚೆ?"

"ಏನೂ ಇಲ್ಲ."

"ಭೇಷ್. ಡಿಗ್ರಿ ಸಾರ್ಥಕ."

ಎರಡನೆಯದು ಮಾರುಕಟ್ಟೆಯ ಒಳಗೆ, ಮೀನಿನ ಸಾಲಿನ ಪಕ್ಕದಲ್ಲಿ. ನೆಲವೆಲ್ಲ ಒದ್ದೆ. ಒಬ್ಬ ದಪ್ಪ ಹೆಂಗಸು ಬಾಳೆಲೆಯ ಮೇಲೆ ಚುಟ್ಟಗಳನ್ನು ಹರವಿಕೊಂಡು ಕೂತಿದ್ದಳು. ಒಂದೊಂದಕ್ಕೂ ಕೆಂಪು ದಾರ ಸುತ್ತಿ ಗಂಟು ಹಾಕಿತ್ತು. ಮುಟ್ಟಿದರೆ ಬೆಂದ ಬದನೆಕಾಯಿಯಷ್ಟು ಮೆತ್ತಗೆ.

"ಬಾರೇ ನನ್ ಬಂಗಾರ. ನಿಮ್ಮ ತಾತಂಗಾ, ಯಾರಾದ್ರೂ ಹುಡುಗಂಗಾ?" ಎಂದು ಅವಳು ಜೋರಾಗಿ ಕೇಳಿದಳು. ಮೀನಿನವರೆಲ್ಲ ತಿರುಗಿ ನೋಡಿದರು. ದಾರ ಯಾಕೆ ಕಟ್ಟಿದ್ದೀರಿ ಎಂದು ಕೇಳಬೇಕೆಂದುಕೊಂಡು ಹೋಗಿದ್ದವಳು ಮಾತೇ ಆಡದೆ ಒಂದನ್ನು ಕೊಂಡು ಹೊರಬಂದೆ.

"ಇದೇನೇ, ಚುಟ್ಟಾನಾ ಕಡುಬಾ?" ಎಂದರು ಅಪೊ ಊರ್ಸಿಂಗ್ ದಾರ ನೋಡಿ. "ಬಿಚ್ಚಿ ತಿನ್ಲಾ?"

ದಾರ ಬಿಚ್ಚಿದೊಡನೆ ಅರ್ಧ ಅಲ್ಲೇ ಸಡಿಲಾಯಿತು. ಉಳಿದರ್ಧ ಬೆಂಕಿ ತಾಗಿದ ಮೇಲೆ ಉಬ್ಬಿ, ಹೊಟ್ಟೆ ಬಿರಿದು, ಬಿಳಿ ಹೊಗೆಯ ಜೊತೆ ಬೂಷ್ಟಿನ ವಾಸನೆ ಬಿಟ್ಟಿತು. ಅಪೊ ಊರ್ಸಿಂಗ್ ಅದನ್ನು ಚರಂಡಿಗೆಸೆದು, ಬಾಯಿ ಮುಕ್ಕಳಿಸಿ, ಬಿಟ್ಟಿಯಾಗಿ ಬೈದರು. ಅಂಗಡಿಯವಳನ್ನು, ಮಾರುಕಟ್ಟೆಯನ್ನು, ಕೊನೆಗೆ ನನ್ನನ್ನು.

"ನೋಡಿದ್ರೇ ಗೊತ್ತಾಗುತ್ತಲ್ಲೇ! ಯಾಕೆ ತಂದೆ?"

ನಾನು ಬಿಚ್ಚಿದ ಕೆಂಪು ದಾರವನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ.

ಮಧ್ಯಾಹ್ನ ಚರ್ಚಿನ ಮುಂದಿನ ಮರದ ನೆರಳಲ್ಲಿ ಟ್ರೈಸಿಕಲ್ ನಿಲ್ಲಿಸಿ ಪನ್ಸಿತ್ ತಿಂದೆವು. ಅಪೊ ಊರ್ಸಿಂಗ್ ಕೂತಲ್ಲೇ ತೂಕಡಿಸಿದರು. ಮಾತಾಡುವವರು ಮಲಗಿದಾಗ ನನಗೆ ಸುತ್ತಲೂ ಕಾಣಲು ಶುರುವಾಗುತ್ತದೆ. ಚರ್ಚಿನ ಬಾಗಿಲ ಬಳಿ ಮೇಣದಬತ್ತಿ ಮಾರುವ ಮುದುಕಿ ಕಂಡರು. ಬಾಯಲ್ಲಿ ಚುಟ್ಟ, ಬೆಂಕಿ ಒಳಗೆ. ಬತ್ತಿ ಕೊಟ್ಟರು, ಚಿಲ್ಲರೆ ಎಣಿಸಿದರು, ಹತ್ತಿರ ಬಂದ ನಾಯಿಯನ್ನು ಕೈಬೀಸಿ ಓಡಿಸಿದರು. ಚುಟ್ಟ ಬಾಯಿಂದ ಹೊರಬರಲೇ ಇಲ್ಲ. ಹೊರಗೆ ಕಾಣುತ್ತಿದ್ದ ತುದಿಯ ಎಲೆ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ನುಣ್ಣಗೆ ಅಂಟಿಕೊಂಡಿತ್ತು. ಅದು ಸುಟ್ಟು ಸುಟ್ಟು ಚಿಕ್ಕದಾಗುವವರೆಗೂ ನೋಡಿದೆ. ಒಂದು ಅಂಚೂ ಏಳಲಿಲ್ಲ.

ಎಲ್ಲಿ ಕೊಂಡರೆಂದು ಕೇಳಬೇಕಿತ್ತು. ಕೇಳುವ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿದೆ, ಕಿತ್ತೆ, ಮತ್ತೆ ಜೋಡಿಸಿದೆ.

"ನಾನು ಕೇಳ್ಲಾ?" ಎಂದ ಜೆರಿಕ್, ನನ್ನ ಕಣ್ಣು ಎಲ್ಲಿದೆಯೆಂದು ನೋಡಿ.

"ಬೇಡ."

ಅಂಗಡಿಯವರಿಗೆ ಹೇಳಲಾಗದ ಬೇಡ ಜೆರಿಕ್‌ಗೆ ಮಾತ್ರ ಸಲೀಸಾಗಿ ಬರುತ್ತದೆ.

ಹೋಗಿ ಮೊದಲು ಒಂದು ಮೇಣದಬತ್ತಿ ಕೊಂಡೆ. ಚಿಲ್ಲರೆಯನ್ನು ಎರಡು ಸಲ ಎಣಿಸಿದೆ. ಕೊನೆಗೆ ನನ್ನ ತುಟಿಯನ್ನು ಮುಟ್ಟಿ, ಅವರ ಚುಟ್ಟವನ್ನು ತೋರಿಸಿ, ಹುಬ್ಬು ಹಾರಿಸಿದೆ. ಬಾಯ್ತುಂಬ ಬೆಂಕಿ ಇಟ್ಟುಕೊಂಡವರೂ ಮಾತಾಡುವ ಹಾಗಿರಲಿಲ್ಲ. ನಮ್ಮಲ್ಲಿ ದಾರಿ ತೋರಿಸುವುದು ಹೇಗೂ ತುಟಿಯಿಂದಲೇ. ಅವರು ತುಟಿ ಮುಂದೆ ಚಾಚಿದರು. ತುಟಿಯ ಜೊತೆ ಚುಟ್ಟವೂ ಎದ್ದು, ಕೈಮರದ ಹಾಗೆ, ಅಕ್ಕಿ ಗಿರಣಿಯ ಹಿಂದಿನ ಓಣಿಯನ್ನು ತೋರಿಸಿತು.

"ಇಬ್ರು ಮೂಗಿಯರ ವ್ಯಾಪಾರ," ಎಂದರು ಅಪೊ ಊರ್ಸಿಂಗ್, ಒಂದು ಕಣ್ಣು ತೆರೆದು.

ಓಣಿಯ ಕೊನೆಯಲ್ಲಿ ಕಂಬಗಳ ಮೇಲೆ ನಿಂತ ಹಳೇ ಮರದ ಮನೆ. ಕೆಳಗಿನ ನೆರಳೇ ಅಂಗಡಿ. ಬೋರ್ಡಿಲ್ಲ. ಮಣ್ಣಿನ ಗುಡಾಣಗಳು, ಒಂದೊಂದರ ಬಾಯಿಗೂ ಮರದ ಮುಚ್ಚಳ. ಮುಚ್ಚಳ ಸರಿಸಿದ್ದ ಒಂದರೊಳಗೆ ಬಾಳೆದಿಂಡಿನ ಹೋಳುಗಳ ಮೇಲೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಚುಟ್ಟಗಳು ಕಾಣುತ್ತಿದ್ದವು. ಏಸಿಯ ಒಣ ಚಳಿಯಿಲ್ಲ, ಮೀನಿನ ಸಾಲಿನ ತೇವವಿಲ್ಲ. ಗುಡಾಣದ ಹತ್ತಿರ ಕೈ ಹಿಡಿದರೆ ಬೆಳಗಿನ ಹೊಲದ ತಂಪು. ಒಳ್ಳೇ ಅಂಗಡಿ ಸಿಕ್ಕಿತೆಂದು ಅಲ್ಲೇ ಅನ್ನಿಸಿತು.

ಅಂಗಡಿಯವರು ತಾತಾ ಇಮೊ. ಬನಿಯನ್ನು, ಮೂಗಿನ ತುದಿಗೆ ಕನ್ನಡಕ. ನಾವು ಬಂದದ್ದನ್ನು ನೋಡಿಯೂ ಎಲೆಯ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಇಲ್ಲಿ ಮಾತ್ರ ಮೆಟ್ಟಿಲಿಲ್ಲದ್ದರಿಂದ ಅಪೊ ಊರ್ಸಿಂಗ್ ಇಳಿದು ಬಂದು, ಅವರೆದುರಿಗೇ ಒಂದು ಬೆತ್ತದ ಕುರ್ಚಿ ಹಿಡಿದರು. ಎಷ್ಟು ಬೇಕು ಎಂದು ತಾತಾ ಇಮೊ ಕೇಳಲಿಲ್ಲ.

"ಯಾರಿಗೆ?" ಎಂದರು.

"ಸತ್ತವಳಿಗೆ," ಎಂದರು ಅಪೊ ಊರ್ಸಿಂಗ್. "ಇವಳ ಅಜ್ಜಿಗೆ. ನನ್ನ ಗೆಳತಿ. ಶನಿವಾರ ಎಡೆ."

"ಬೆಂಕಿ ಒಳಗೋ, ಹೊರಗೋ?"

"ಒಳಗೆ. ನಾವೇನು ಪಟ್ಟಣದವರಾ?"

"ಯಾವ ಕಡೆ ತಿರುಗಿಸ್ತಾರೆ?"

ತಿರುಗಿಸುತ್ತಿದ್ದರು ಎನ್ನಲಿಲ್ಲ. ತಿರುಗಿಸ್ತಾರೆ ಎಂದರು. ನಾನು ಒಂದು ಹೆಜ್ಜೆ ಹತ್ತಿರ ಸರಿದೆ. ಲಿಲಾಂಗ್ ಬಗ್ಗೆ ಒಂದು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು.

"ಯಾವ ಕಡೆಯಾದ್ರೇನು?" ಎಂದ ಜೆರಿಕ್.

"ಯಾವ ಕಡೆಯಾದ್ರೇನಾ?" ತಾತಾ ಇಮೊ ಕನ್ನಡಕದ ಮೇಲಿಂದ ನೋಡಿದರು. "ಲೋ ಅಪ್ಪಾ, ಬೆಂಕಿ ಒಳಗಿಟ್ಟವರು ಅದನ್ನ ಸುಮ್ನೆ ಇಟ್ಕೊಂಡಿರಲ್ಲ. ಒಂದೇ ಕಡೆ ಸುಡಬಾರದು ಅಂತ ತಿರುಗಿಸ್ತಾನೇ ಇರ್ತಾರೆ. ಎಲೆ ಸುತ್ತಿದ ಕಡೇಗೇ ತಿರುಗಿಸಿದ್ರೆ ಇನ್ನೂ ಬಿಗಿ ಆಗುತ್ತೆ. ಉಲ್ಟಾ ತಿರುಗಿಸಿದ್ರೆ ಎಂಥಾ ಎಲೆನೂ ಬಿಚ್ಕೊಳ್ಳುತ್ತೆ." ನಡುವಿನ ನಾರು ತೆಗೆದ ಎಲೆಯ ಎರಡು ಹೋಳನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿದರು. "ಬಲ ಹೋಳು ಬಲಕ್ಕೆ ಸುತ್ತೋಕೆ, ಎಡ ಹೋಳು ಎಡಕ್ಕೆ. ಬಹಳ ಜನ ಬಲಕ್ಕೇ ತಿರುಗಿಸೋದು, ಅಂಗಡಿಯೋರೂ ಬಲದ್ದೇ ಮಾರೋದು. ಎಡಗಡೆಯವರ ಪಾಡು ದೇವರಿಗೇ ಪ್ರೀತಿ."

ಒಂದೇ ಕಟ್ಟಿನ ಚುಟ್ಟ. ಅಪೊ ಊರ್ಸಿಂಗ್ ಬಾಯಲ್ಲಿ ಗಟ್ಟಿ, ಲಿಲಾಂಗ್ ಬಾಯಲ್ಲಿ ಬಿಚ್ಚುವುದು. ಸಿಟ್ಟಲ್ಲ, ಹಲ್ಲಲ್ಲ. ಮಾಮೆಂಗ್ ಮುದುಕಿಗೆ ಅದು ಗೊತ್ತಿತ್ತು, ಯಾರಿಗೂ ಹೇಳದೆ ಹೋದರು.

"ಬಲಕ್ಕೆ!" ಎಂದರು ಅಪೊ ಊರ್ಸಿಂಗ್ ನಾನು ಬಾಯಿ ತೆರೆಯುವ ಮುಂಚೆ. "ನನ್ನ ಹಾಗೇ, ಬಲಕ್ಕೆ. ಅರವತ್ತು ವರ್ಷ ಎದುರಿಗೆ ಕೂತು ನೋಡಿದೀನಿ. ನನಗಿಂತ ಯಾರಿಗೆ ಗೊತ್ತು?"

ತಾತಾ ಇಮೊ ಬಲ ಹೋಳನ್ನು ತೆಗೆದುಕೊಂಡರು.

ನನಗೆ ಮನೆಯ ಮೆಟ್ಟಿಲು ಕಂಡಿತು. ಸಂಜೆಯ ಹೊತ್ತು ಲಿಲಾಂಗ್ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅಪೊ ಊರ್ಸಿಂಗ್ ಎದುರಿನ ಬೆಂಚಿನ ಮೇಲೆ. ನಾನು ಲಿಲಾಂಗ್‌ರ ಎಡಕ್ಕೆ, ಅವರ ಲಂಗದ ಅಂಚಿಗೆ ಒತ್ತಿಕೊಂಡು. ಅವರಿಬ್ಬರೂ ಕಿತ್ತಾಡುತ್ತಿದ್ದರೆ ನಾನು ಮಾತಾಡದೆ ಚುಟ್ಟವನ್ನು ನೋಡುತ್ತಿದ್ದೆ. ಅದು ಹೊರಳುತ್ತಿತ್ತು, ನಿಲ್ಲುತ್ತಿತ್ತು, ಹೊರಳುತ್ತಿತ್ತು. ಪ್ರತಿ ಸಲವೂ ನನ್ನ ಕಡೆಗೇ ಹೊರಳುತ್ತಿತ್ತು. ಚಿಕ್ಕವಳಿದ್ದಾಗ ಅದು ನನ್ನನ್ನು ನೋಡಲೆಂದೇ ತಿರುಗುತ್ತದೆ ಎಂದುಕೊಂಡಿದ್ದೆ. ನನ್ನ ಕಡೆ ಎಂದರೆ ಎಡಕ್ಕೆ.

ಇಲ್ಲ ಎನ್ನಬೇಕಿತ್ತು. ಆದರೆ ಅರವತ್ತು ವರ್ಷ ಎದುರಿಗೆ ಕೂತವರು ಹೇಳುತ್ತಿದ್ದಾರೆ, ಅವರ ಮಾತು ಕೇಳು ಎಂದು ಆಂಟಿ ಕಳಿಸಿದ್ದಾರೆ. ಅಷ್ಟರಲ್ಲಿ ತಾತಾ ಇಮೊ ಹೋಳನ್ನು ಬಾಗಿದ ಕತ್ತಿಯಿಂದ ಓರೆಯಾಗಿ ಕತ್ತರಿಸಿ, ಅನ್ನದ ಅಂಟು ಸವರಿ, ಸುತ್ತಿ ಮುಗಿಸಿದರು. ಚುಟ್ಟವನ್ನು ನನ್ನ ಅಂಗೈ ಮೇಲಿಟ್ಟರು. ನನ್ನ ಮುಖ ನೋಡಿದರು.

ಅದೇ ಗಳಿಗೆ. ಚಪ್ಪಲಿಯ, ಕೊಡೆಯ, ಚಿನ್ನದ ಪಟ್ಟಿಯ ಗಳಿಗೆ. ನನ್ನ ಕೈ ಪರ್ಸಿನ ತನಕ ಹೋಯಿತು. ಅಲ್ಲೇ ನಿಂತಿತು.

ಮಾತು ಬರಲಿಲ್ಲ. ಆದರೆ ಕಾಲು ಬಂತು. ಒಂದು ಮೋಟು ಮಣೆಯನ್ನು ಕಾಲಿನಿಂದಲೇ ಎಳೆದು ಅಪೊ ಊರ್ಸಿಂಗ್ ಎದುರಿಗೆ ಹಾಕಿ ಕೂತೆ, ಲಿಲಾಂಗ್ ಕೂರುತ್ತಿದ್ದ ಹಾಗೆ ಮಂಡಿ ಅಗಲಿಸಿ, ಬೆನ್ನು ತುಸು ಬಾಗಿಸಿ. ಬೆಂಕಿ ಹಚ್ಚದ ಚುಟ್ಟವನ್ನು ತುಟಿಗಳ ನಡುವೆ ಇಟ್ಟುಕೊಂಡು ಎಡಕ್ಕೆ ಹೊರಳಿಸಿದೆ. ನಿಲ್ಲಿಸಿದೆ. ಹೊರಳಿಸಿದೆ. ಬೆರಳುಗಳು ತಾವಾಗಿ ಲಿಲಾಂಗ್‌ರ ಬೆರಳುಗಳಂತೆ ನಡೆದವು. ಅವುಗಳಿಗೆ ಅದು ಗೊತ್ತೆಂದು ನನಗೇ ಗೊತ್ತಿರಲಿಲ್ಲ.

ಅಪೊ ಊರ್ಸಿಂಗ್ ನಗಲು ಬಾಯಿ ತೆರೆದವರು ತೆರೆದಂತೆಯೇ ಕೂತರು.

"ಪೋಲಿಂಗ್," ಎಂದರು, ಮೆಲ್ಲಗೆ.

ನಾನು ಹೊರಳಿಸುತ್ತ ಹೋದೆ. ಒದ್ದೆ ತುಟಿಗೆ ಹಸಿ ಅಂಟು ಬಿಟ್ಟು, ಎಲೆಯ ಅಂಚು ನನ್ನ ಕೆನ್ನೆಗೆ ತಾಗುವ ಹಾಗೆ ಎದ್ದಿತು. ಅಪೊ ಊರ್ಸಿಂಗ್ ನನ್ನ ಕೈ ನೋಡಿದರು. ಚೀಲದಿಂದ ತಮ್ಮ ಚುಟ್ಟ ತೆಗೆದು ಬಾಯಿಗಿಟ್ಟು ತಿರುಗಿಸಿದರು. ಮತ್ತೆ ನನ್ನ ಕೈ ನೋಡಿದರು.

"ಹೌದು ಕಣೇ, ಹೀಗೇ! ಹೀಗೇ ತಿರುಗಿಸ್ತಿದ್ಲು. ಬಲಕ್ಕೇ ಅಲ್ವಾ ಅದು ಹೋಗ್ತಿರೋದು?"

"ನಿಮಗೆ ಬಲ," ಎಂದರು ತಾತಾ ಇಮೊ. ಅವರ ಹೊಟ್ಟೆ ಕುಲುಕಲು ಶುರುವಾಗಿತ್ತು. "ಎದುರಿಗೆ ಕೂತವರಿಗೆ ಬಲ. ಸೇದೋರಿಗೆ ಎಡ."

ಅಪೊ ಊರ್ಸಿಂಗ್ ಬಾಯಿಂದ ಚುಟ್ಟ ತೆಗೆದು ತೊಡೆ ತಟ್ಟಿಕೊಂಡು ನಕ್ಕರು, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು. ನಗು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

"ಅಯ್ಯೋ ನನ್ನ ಮೂಳೆಯೇ! ಅರವತ್ತು ವರ್ಷ ಉಲ್ಟಾ ನೋಡಿದೀನಿ. ನಿನ್ನ ಸಿಟ್ಟಿಗೆ ಬಿಚ್ಕೊಳ್ಳುತ್ತೆ ಅಂತ ಸಾಯೋವರೆಗೂ ಅವಳನ್ನ ಆಡ್ಕೊಂಡ್ನಲ್ಲ! ಈಗ ಮೇಲೆ ಹೋದ್ರೆ ಚೆನ್ನಾಗಿ ಕಾದಿದೆ ನನಗೆ."

ನಾನು ಬಿಚ್ಚಿದ ಚುಟ್ಟವನ್ನು ತಾತಾ ಇಮೊ ಅವರ ಮಣೆಯ ಮೇಲಿಟ್ಟೆ. ಒದ್ದೆ ಬಟ್ಟೆಯ ಕೆಳಗೆ ಉಳಿದಿದ್ದ ಎಡ ಹೋಳಿನ ಕಡೆಗೆ ತುಟಿ ಚಾಚಿದೆ.

"ನೋಡ್ರಿ, ಅಂಗಡೀಲಿ ವಾಪಸ್ ಕೊಟ್ಲು!" ಎಂದು ಜೆರಿಕ್ ಕೂಗಿದ. "ನಮ್ಮ ಮಾರಿಡೆಲ್! ಕರೀರಿ ಪೇಪರಿನೋರನ್ನ!"

ತಾತಾ ಇಮೊ ಎಡ ಹೋಳನ್ನು ಬೆಳಕಿಗೆ ಹಿಡಿದು, ತೂತಿಲ್ಲವೆಂದು ನೋಡಿ, ಅಂಗೈಯಿಂದ ನೀವಿದರು. ಈ ಸಲ ನಿಧಾನ. ಎಲೆಯನ್ನು ಎಳೆದಷ್ಟೂ ಅದು ಚರ್ಮದ ಹಾಗೆ ಬಗ್ಗುತ್ತಿತ್ತು. ಸುತ್ತಿ ಮುಗಿಸಿ, ಒಂದು ತುದಿಗೆ ಎಲೆಯ ಚೂರನ್ನು ಟೋಪಿಯಂತೆ ಅಂಟಿಸಿ, ಬೆಂಕಿಯ ತುದಿಗೂ ಬೆರಳಿನಿಂದ ಒಂದಿಷ್ಟು ಅಂಟು ಸವರಿದರು. "ಒಳಗೆ ಎಂಜಲು ತಾಗೋದು ಇಲ್ಲಿಗೇ ನೋಡು. ಬೇರೆಯೋರು ಇದನ್ನ ಬಿಟ್ಟುಬಿಡ್ತಾರೆ." ಮತ್ತೆ ನನ್ನ ಕೈಗಿಟ್ಟರು.

ಎಡಕ್ಕೆ ತಿರುಗಿಸಿದೆ. ತಿರುಗಿಸಿದಷ್ಟೂ ಬಿಗಿಯಾಯಿತು.

"ಆಯ್ತಾ?"

ತಲೆಯಾಡಿಸಿದೆ. ದುಡ್ಡು ಕೊಡುವಾಗ ನನ್ನ ಕೈ ತಾನಾಗಿ ಹೋಗಲಿಲ್ಲ. ನಾನೇ ತೆಗೆದುಕೊಟ್ಟೆ. ಮೂವರೂ ಹಾಡು ಹೇಳಿಕೊಳ್ಳುತ್ತ ಊರಿಗೆ ಬಂದೆವು. ಹಾಡಿದ್ದು ಅವರಿಬ್ಬರು. ತಾಳ ಹಾಕಿದ್ದು ನಾನು.

ಶನಿವಾರ ಮನೆ ತುಂಬಿತು. ಅಂಗಳದಲ್ಲಿ ಹಂದಿಮಾಂಸ ಬೇಯುತ್ತಿತ್ತು. ಕಬ್ಬಿನ ಹೆಂಡದ ಜಾಡಿ ಒಂದೆಡೆ, ಬಾಳೆಲೆಯ ಕಡುಬಿನ ಬುಟ್ಟಿ ಇನ್ನೊಂದೆಡೆ. ಲಿಲಾಂಗ್‌ರ ಫೋಟೋದ ಮುಂದೆ ಎಡೆಯ ತಟ್ಟೆ. ಅನ್ನ, ಕಡುಬು, ಮೊಟ್ಟೆ, ವೀಳ್ಯ, ಪುಟ್ಟ ಲೋಟದಲ್ಲಿ ಹೆಂಡ. ಚುಟ್ಟದ ಜಾಗ ಖಾಲಿ. ಆಂಟಿ ನೀವೆಸ್ ತಲೆಗೆ ಹೊದ್ದ ಕಪ್ಪು ಮುಸುಕಿನ ಅಂಚು ಹಿಡಿದುಕೊಂಡು ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

ನಮ್ಮ ಮನೆಯಲ್ಲಿ ಎಡೆಯ ಚುಟ್ಟವನ್ನು ಹಚ್ಚಿಯೇ ಇಡುವುದು. ಹಚ್ಚಿದವರೇ ಸತ್ತವರನ್ನು ಎಲ್ಲರಿಗೂ ಕೇಳುವಂತೆ ಎಡೆಗೆ ಕರೆಯಬೇಕು. ನವೆಂಬರಿನಲ್ಲಿ ಅದನ್ನು ಮಾಡಿದ್ದು ಅಪೊ ಊರ್ಸಿಂಗ್. ಆಂಟಿ ಈಗಲೂ ಚುಟ್ಟವನ್ನು ಅವರಿಗೇ ಒಪ್ಪಿಸಹೋದರು.

"ನನಗೆ ಬೇಡ," ಎಂದರು ಅಪೊ ಊರ್ಸಿಂಗ್. "ನನ್ನ ಕೈ ಹಳೇ ಕತ್ತೆ, ಬಲಕ್ಕೇ ಹೋಗುತ್ತೆ, ಇದನ್ನೂ ಬಿಚ್ಚಿ ಹಾಕ್ತೀನಿ. ಅದೋ, ಅವಳು ಹಚ್ಚಲಿ."

ಎಲ್ಲರೂ ತಿರುಗಿ ನೋಡಿದರು. ಓಡಲು ಬಾಗಿಲ ಬಳಿ ಜಾಗವಿರಲಿಲ್ಲ.

"ಮಾರಿಡೆಲ್ಲಾ?" ಆಂಟಿಯ ದನಿ ಏರಿತು. "ಅವಳು ಬೆಂಕಿಕಡ್ಡಿ ಗೀರೋಕೇ ಕಣ್ಣು ಮುಚ್ಕೋತಾಳೆ ಅಪೊ! ಮತ್ತೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಮ್ಮ ನನ್ನನ್ನ ಬಿಡ್ತಾರಾ?"

ನಾನು ಮುಂದೆ ಹೋಗಿ ಚುಟ್ಟ ತೆಗೆದುಕೊಂಡು ಎಡೆಯ ಪಕ್ಕ ಕೂತೆ. ಕಣ್ಣು ತೆರೆದೇ ಕಡ್ಡಿ ಗೀರಿದೆ. ತುದಿ ಕೆಂಪಗಾದ ಮೇಲೆ ಬೆಂಕಿ ಹೊರಗಿಟ್ಟೇ ಒಂದು ದಮ್ಮು ಎಳೆದು ತಟ್ಟೆಯಲ್ಲಿಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಲಿಲಾಂಗ್ ಕೇಳಿದ್ದು ಹಾಗೆ ಸೇದುವ ಚುಟ್ಟವನ್ನಲ್ಲ. ಅದು ಬಿಚ್ಚುವುದಿಲ್ಲವೆಂದು ನನಗೆ ಗೊತ್ತಿದ್ದರೆ ಸುಡುವ ಭಯ ಯಾಕೆ? ಚುಟ್ಟವನ್ನು ತಿರುಗಿಸಿ ಹಿಡಿದೆ.

"ಏಯ್, ಏಯ್, ಒಳಗಿಡ್ತಿದಾಳೆ!" ಎಂದ ಜೆರಿಕ್.

"ಬಾಯಿ ಮುಚ್ಚೋ! ನಾಲಿಗೆ ಕೆಳಗಿಡು ಮಗಾ," ಎಂದರು ಅಪೊ ಊರ್ಸಿಂಗ್, ನನ್ನೆದುರಿಗೆ ಕುರ್ಚಿ ಎಳೆದುಕೊಂಡು. "ತುಟಿ ಬಿಗಿ ಹಿಡಿ. ಕಚ್ಚಬೇಡ. ತಿರುಗಿಸು, ತಿರುಗಿಸ್ತಾ ಇರು."

ಬಾಯೊಳಗೆ ಒಂದು ಪುಟ್ಟ ಒಲೆ ಹೊತ್ತಿದ ಹಾಗಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ. ಎಡಕ್ಕೆ ಹೊರಳಿಸಿದೆ. ನಿಲ್ಲಿಸಿದೆ. ಹೊರಳಿಸಿದೆ. ಒಂದು ಕಿಡಿಯೂ ಉದುರಲಿಲ್ಲ. ಮಾತಾಡುತ್ತಿದ್ದವರು ಒಬ್ಬೊಬ್ಬರೇ ಹತ್ತಿರ ಸರಿದರು. ಎಲ್ಲರ ಕಣ್ಣು ಆ ಎಲೆಯ ಅಂಚಿನ ಮೇಲೆ. ನಾನು ಸೇದಿದೆ, ಹೊರಳಿಸಿದೆ, ಮತ್ತೂ ಸೇದಿದೆ. ಯಾರೋ "ಇನ್ನೂ ಅಂಟ್ಕೊಂಡಿದೆ!" ಎಂದರು. ಇನ್ಯಾರೋ ಚಪ್ಪಾಳೆ ತಟ್ಟಿದರು. ಒಂದು ದೊಡ್ಡ ಕೆಮ್ಮು ಬಂದು ಚುಟ್ಟವನ್ನು ಹೊರಗೆಳೆದಾಗ ಅದರ ಬೆಂಕಿಯ ತುದಿ ಗಟ್ಟಿ ಬೂದಿ ಹೊತ್ತು ದುಂಡಗೆ ಕೂತಿತ್ತು. ಹೊರ ಎಲೆ ತಾತಾ ಇಮೊ ಸುತ್ತಿದಾಗ ಹೇಗಿತ್ತೋ ಹಾಗೇ ಇತ್ತು.

ಆಂಟಿ ನೀವೆಸ್ ಹತ್ತಿರ ಬಂದು ಬಗ್ಗಿ ನೋಡಿದರು. ಬೆರಳಿನಿಂದ ಎಲೆಯ ಅಂಚನ್ನು ಸವರಿದರು, ಎಲ್ಲಾದರೂ ಎದ್ದಿದೆಯೇ ಎಂದು. ಎದ್ದಿರಲಿಲ್ಲ. ಅವರ ಕೈ ತಲೆಗೆ ಹೋಗಿ ಕಪ್ಪು ಮುಸುಕನ್ನು ಮೆಲ್ಲಗೆ ಜಾರಿಸಿತು.

ಚುಟ್ಟವನ್ನು ತಟ್ಟೆಯ ಖಾಲಿ ಜಾಗದಲ್ಲಿಟ್ಟೆ. ಅದು ಸುಮ್ಮನೆ ಹೊಗೆಯಾಡುತ್ತ ಮಲಗಿತು. ಈಗ ಕರೆಯಬೇಕು. ಮನೆಯೆಲ್ಲ ಕಾಯುತ್ತಿತ್ತು. ನಾನು ಕೂತೇ ಇರುವುದನ್ನು ನೋಡಿ, ಯಾವಾಗಲೂ ಮಾಡುವ ಹಾಗೆ, ನನ್ನ ಪರವಾಗಿ ಮಾತಾಡಲು ಆಂಟಿ ಬಾಯಿ ತೆರೆದರು. ನಾನು ಕೈಯೆತ್ತಿ ಅವರನ್ನು ತಡೆದೆ. ಬಾಯೊಳಗೆ ಇನ್ನೂ ಬಿಸಿ ಇತ್ತು. ಮೆಟ್ಟಿಲ ಕಡೆ ತಿರುಗಿ, ಅಂಗಳದವರಿಗೂ ಕೇಳುವಂತೆ, ಜೋರಾಗಿ ಹೇಳಿದೆ:

"ಲಿಲಾಂಗ್, ಬನ್ನಿ. ಇದು ಬಿಚ್ಚಲ್ಲ. ಆರಿಸಿ ತಂದಿದ್ದು ನಾನು."